ಮೊದಲು ಅಕ್ಷರ, ಆಮೇಲೆ ಚಿತ್ರ

(ಪುಸ್ತಕ ವಿನ್ಯಾಸ ಕಲಿಯುತ್ತಿರುವವರು ಮತ್ತು ಸಣ್ಣ ಪ್ರಕಾಶಕರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಈ ಮೇಜಿನ ಮೇಲಿರುವುದೆಲ್ಲ ನೀವೇ ನಿಮ್ಮ ಮನೆಯ ಕಪಾಟಿನಿಂದ ತಂದ ಪುಸ್ತಕಗಳು. ಕಾದಂಬರಿ, ಕವನ ಸಂಕಲನ, ವಿಮರ್ಶೆ, ಅನುವಾದ, ಅಭಿನಂದನ ಗ್ರಂಥ, ಒಂದಿಷ್ಟು ಮಕ್ಕಳ ಪುಸ್ತಕ. ಅಂಗಡಿಯಿಂದ ಹೊಸ ಪುಸ್ತಕ ತರಿಸದೆ ಕಪಾಟಿನದ್ದನ್ನೇ ತನ್ನಿ ಎಂದು ಕೇಳಿದ್ದಕ್ಕೆ ಕಾರಣವಿದೆ. ಬಿಡುಗಡೆಯ ದಿನ ವೇದಿಕೆಯ ಮೇಲೆ ಎತ್ತಿ ಹಿಡಿದಾಗ ಎಲ್ಲ ಮುಖಪುಟವೂ ಚೆನ್ನಾಗಿಯೇ ಕಾಣುತ್ತದೆ. ನಾಲ್ಕಾರು ಮಳೆಗಾಲ ಕಳೆದು, ಕಿಟಕಿಯ ಬಿಸಿಲು ಬಿದ್ದು, ಹತ್ತು ಕೈ ದಾಟಿ ಬಂದ ಮೇಲೆ ಅದು ಹೇಗಿದೆ ಎಂದು ನೋಡಿದರೆ ವಿನ್ಯಾಸದ ಗುಣವೂ ದೋಷವೂ ತಿಳಿಯುತ್ತದೆ. ಪುಸ್ತಕದ ಹೆಸರಾಗಲಿ ಪ್ರಕಾಶನದ ಹೆಸರಾಗಲಿ ನಾನು ಹೇಳುವುದಿಲ್ಲ. ಪುಸ್ತಕವನ್ನು ಎತ್ತಿ ತೋರಿಸುತ್ತೇನೆ, ನೀವು ನೋಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಖಪುಟ ಎಂದ ಕೂಡಲೇ ನಾವು ಚಿತ್ರದ ಮಾತಿಗಿಳಿಯುತ್ತೇವೆ: ಯಾರ ಚಿತ್ರ, ಬಣ್ಣ ಹೇಗಿದೆ, ಕಥೆಗೆ ಹೊಂದುತ್ತದೆಯೇ. ಆದರೆ ಈ ರಾಶಿಯಲ್ಲಿ ಸೋತ ಮುಖಪುಟಗಳು ಹೆಚ್ಚಾಗಿ ಸೋತಿರುವುದು ಅಕ್ಷರದಲ್ಲಿ. ಚಿತ್ರ ಮುಗಿದು, ಲೇಖಕರು ಒಪ್ಪಿ, ಕೊನೆಗೆ ಉಳಿದ ಜಾಗದಲ್ಲಿ ಶೀರ್ಷಿಕೆಯನ್ನು ಕೂರಿಸಲಾಗಿದೆ. ಕನ್ನಡ ಲಿಪಿ ಹಾಗೆ ಉಳಿದ ಜಾಗಕ್ಕೆ ಒಗ್ಗುವಂಥದ್ದಲ್ಲ. ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತಕ್ಷರ, ಬಲಕ್ಕೆ ಕೊಂಬು, ದೀರ್ಘ, ಅರ್ಕಾವೊತ್ತು. ಒಂದೊಂದು ಅಕ್ಷರಕ್ಕೂ ನಾಲ್ಕೂ ಕಡೆ ಜಾಗ ಬೇಕು. ಆ ಜಾಗವನ್ನು ಮೊದಲು ಗೊತ್ತು ಮಾಡಿ, ಆಮೇಲೆ ಚಿತ್ರ ಯೋಚಿಸಿದವರ ಮುಖಪುಟಗಳು ಗೆದ್ದಿವೆ.

ಹಾಗಾಗಿ ಚಿತ್ರವನ್ನು ಸದ್ಯಕ್ಕೆ ಬದಿಗಿಟ್ಟು ಬೆನ್ನಿನಿಂದ ಶುರು ಮಾಡೋಣ. ಕಪಾಟಿನಲ್ಲಿ ಪುಸ್ತಕ ವರ್ಷಪೂರ್ತಿ ತೋರಿಸುವುದು ಬೆನ್ನನ್ನೇ. ಈ ಹತ್ತು ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದ್ದೇನೆ. ಓದುತ್ತಾ ಹೋಗಿ. ಮೊದಲ ಮೂರಕ್ಕೆ ತಲೆಯನ್ನು ಬಲಕ್ಕೆ ವಾಲಿಸಿದಿರಿ, ನಾಲ್ಕನೆಯದಕ್ಕೆ ಎಡಕ್ಕೆ. ನಮ್ಮಲ್ಲಿ ಬೆನ್ನಿನ ಬರಹದ ದಿಕ್ಕಿಗೆ ಒಂದು ರೂಢಿ ಗಟ್ಟಿಯಾಗಿ ನಿಂತಿಲ್ಲ. ಮೇಲಿನಿಂದ ಕೆಳಕ್ಕೆ ಓದುವ ಹಾಗೆ ಹಾಕುವುದೇ ಒಳ್ಳೆಯದು. ಪುಸ್ತಕವನ್ನು ಮುಖ ಮೇಲೆ ಮಾಡಿ ಮೇಜಿನ ಮೇಲೆ ಮಲಗಿಸಿದಾಗ ಬೆನ್ನಿನ ಹೆಸರು ನೇರವಾಗಿ ಓದಲು ಸಿಗುತ್ತದೆ. ಕೆಳಗಿನಿಂದ ಮೇಲಕ್ಕೆ ಹಾಕಿದ್ದರೆ ತಲೆಕೆಳಗಾಗುತ್ತದೆ. ಅಕ್ಷರಗಳನ್ನು ಒಂದರ ಕೆಳಗೊಂದು ಪೇರಿಸುವುದು ಮೂರನೆಯ ದಾರಿ. ಒತ್ತಕ್ಷರವೇ ಇಲ್ಲದ ಮೂರು ಅಕ್ಷರದ ಹೆಸರಿಗೆ ಅದು ನಡೆದೀತು. ಒಂದು ಒತ್ತು ಬಂದರೂ ಅದು ಕೆಳಗಿನ ಅಕ್ಷರದ ತಲೆಕಟ್ಟಿನ ಮೇಲೆ ಕೂರುತ್ತದೆ, ಯಾವುದು ಯಾರದು ಎಂದು ತಿಳಿಯುವುದಿಲ್ಲ.

ಬೆನ್ನಿನ ಅಗಲದ ಲೆಕ್ಕ ತುಂಬ ಜನ ತಪ್ಪುವ ಜಾಗ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಹೆಚ್ಚಿನ ಪುಸ್ತಕಗಳು ಡೆಮಿ 1/8 ಅಳತೆಯವು, ಅಂದರೆ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ. ಮಿಲಿಮೀಟರಿನಲ್ಲಿ 140 ಮತ್ತು 216. ಒಳಪುಟ 240 ಇದೆ ಎನ್ನಿ. 240 ಪುಟ ಎಂದರೆ 120 ಹಾಳೆ. 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೋ ಹಾಳೆಯ ದಪ್ಪ ಸುಮಾರು 0.09 ಮಿ.ಮೀ. ಗುಣಿಸಿದರೆ 10.8. ಅದಕ್ಕೆ ಮುಂದೆ ಹಿಂದೆ ಎರಡು ಪದರ ಆರ್ಟ್ ಕಾರ್ಡು, ತಲಾ 0.3 ಎಂದರೆ 0.6. ಒಟ್ಟು ಬೆನ್ನು 11.4 ಮಿ.ಮೀ. ಇಷ್ಟು ಲೆಕ್ಕ ಹಾಕಿ ವಿನ್ಯಾಸಕಾರರು ಕಡತ ಕಳಿಸುತ್ತಾರೆ. ಪ್ರೆಸ್ಸಿನಲ್ಲಿ ಆ ಕಾಗದ ಸಿಗಲಿಲ್ಲ, ಬದಲಿಗೆ 80 ಜಿ.ಎಸ್.ಎಂ.ನ ಉಬ್ಬು ಕಾಗದ ಹಾಕಿದರು, ಹಾಳೆಯ ದಪ್ಪ 0.12 ಆಯಿತು. ಬೆನ್ನು 15 ಮಿ.ಮೀ.ಗೆ ಏರಿತು. ಮೂರೂವರೆ ಮಿಲಿಮೀಟರಿನಷ್ಟು ಮುಖಪುಟ ಬೆನ್ನಿನೊಳಗೆ ಸರಿಯಿತು, ಶೀರ್ಷಿಕೆ ಒಂದು ಅಂಚಿಗೆ ವಾಲಿತು. ಈ ವಿಮರ್ಶಾ ಸಂಕಲನದ ಬೆನ್ನು ನೋಡಿ, ಲೇಖಕರ ಹೆಸರಿನ ಒತ್ತುಗಳು ಮಡಿಕೆ ದಾಟಿ ಹಿಂಬದಿಗೆ ಹೋಗಿವೆ. ಕಾರಣ ಹೆಚ್ಚಾಗಿ ಇಷ್ಟೇ ಇರುತ್ತದೆ. ಕಾಗದ ಅಂತಿಮವಾದ ಮೇಲೆ, ಅದೇ ಕಾಗದದ ಅಷ್ಟೇ ಖಾಲಿ ಹಾಳೆಗಳ ಡಮ್ಮಿ ಕಟ್ಟಿಕೊಡಿ ಎಂದು ಬೈಂಡರನ್ನು ಕೇಳಿ, ಅಳೆದು, ಆಮೇಲೆ ಬೆನ್ನು ಅಂತಿಮ ಮಾಡಿ.

ಲೆಕ್ಕ ಸರಿಯಿದ್ದರೂ ಬೈಂಡಿಂಗಿನಲ್ಲಿ ಒಂದು, ಒಂದೂವರೆ ಮಿಲಿಮೀಟರು ಆಚೀಚೆ ಆಗಿಯೇ ಆಗುತ್ತದೆ. ಹಾಗಾದರೆ 11.4ರಲ್ಲಿ ಬರಹಕ್ಕೆ ಧೈರ್ಯವಾಗಿ ಬಳಸಬಹುದಾದದ್ದು ಎಂಟು ಮಿಲಿಮೀಟರು. ಇಂಗ್ಲಿಷಿನ ದೊಡ್ಡಕ್ಷರ ಆ ಎಂಟನ್ನೂ ತುಂಬಿಕೊಳ್ಳಬಲ್ಲದು. ಕನ್ನಡದಲ್ಲಿ ಮೇಲಿನ ಗುಡಿಸು, ಕೆಳಗಿನ ಒತ್ತು ಸೇರಿ ಎಂಟು. ಅಕ್ಷರದ ಮೈಗೆ ಉಳಿಯುವುದು ಹೆಚ್ಚೆಂದರೆ ನಾಲ್ಕು. ಅದಕ್ಕೇ ಬೆನ್ನಿಗೆ ದಪ್ಪ ಅಕ್ಷರವೇ ಬೇಕು. ನಡುವಿಗೆ ಕೂರಿಸುವಾಗಲೂ ಸಾಫ್ಟ್‌ವೇರಿನ ‘ಸೆಂಟರ್’ ಗುಂಡಿಯನ್ನು ನಂಬಬೇಡಿ. ಅದು ಒತ್ತನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಅಕ್ಷರದ ಮೈ ಒಂದು ಬದಿಗೆ ಸರಿದಂತೆ ಕಾಣುತ್ತದೆ. ಮೈಯನ್ನು ಮಾತ್ರ ಅಳೆದು ಕಣ್ಣಂದಾಜಿನಲ್ಲಿ ಕೂರಿಸಿ. ಬೆನ್ನಿಗೆ ಒಂದು ಬಣ್ಣ, ಮುಂಭಾಗಕ್ಕೆ ಇನ್ನೊಂದು ಬಣ್ಣ ಕೊಟ್ಟು ಗೆರೆ ಸರಿಯಾಗಿ ಮಡಿಕೆಯ ಮೇಲೇ ಬರಲಿ ಎಂದು ಹಟ ಹಿಡಿಯುವುದೂ ಬೇಡ. ಒಂದು ಮಿಲಿಮೀಟರು ಜರುಗಿದರೆ ಮುಂಭಾಗದ ಉದ್ದಕ್ಕೂ ಬಣ್ಣದ ದಾರ ಅಂಟಿದ ಹಾಗೆ ಕಾಣುತ್ತದೆ. ಈ ರಾಶಿಯಲ್ಲಿ ಅಂಥವು ಬೇಕಾದಷ್ಟಿವೆ. ಬೆನ್ನಿನ ಬಣ್ಣವನ್ನು ಮುಂಭಾಗಕ್ಕೂ ಒಂದು ಸೆಂಟಿಮೀಟರು ಒಯ್ದುಬಿಡಿ, ಜರುಗಿದರೂ ಉದ್ದೇಶಪೂರ್ವಕ ಅನ್ನಿಸುತ್ತದೆ.

ಬೆನ್ನು ಬಿಡುವ ಮುನ್ನ ಬಣ್ಣದ ಒಂದು ಮಾತು. ಈ ಕೆಂಪು ಬೆನ್ನಿನ ಕಾದಂಬರಿಯನ್ನೂ ಅದರ ಮುಂಭಾಗವನ್ನೂ ಹೋಲಿಸಿ. ಮುಂಭಾಗ ಇನ್ನೂ ಕುಂಕುಮದ ಕೆಂಪು, ಬೆನ್ನು ಮಾಸಿದ ಗುಲಾಬಿ. ನಾಲ್ಕು ಬಣ್ಣದ ಮುದ್ರಣದಲ್ಲಿ ಕೆಂಪು ಹುಟ್ಟುವುದು ಮೆಜೆಂಟಾ ಮತ್ತು ಹಳದಿ ಸೇರಿ. ಬಿಸಿಲಿಗೆ ಮೊದಲು ಸೋಲುವ ಶಾಯಿಗಳು ಆ ಎರಡೇ. ನೀಲಿ, ಕಪ್ಪು ಹೆಚ್ಚು ಕಾಲ ತಡೆಯುತ್ತವೆ. ಬಿಳಿ ಬೆನ್ನಿನ ಮೇಲೆ ಕೆಂಪು ಅಕ್ಷರದಲ್ಲಿ ಹೆಸರು ಹಾಕಿದರೆ ಕೆಲವೇ ವರ್ಷದಲ್ಲಿ ಹೆಸರೇ ಮಾಸುತ್ತದೆ. ಗ್ರಂಥಾಲಯಕ್ಕೆ ಹೋಗುವ ಪ್ರತಿಗಳಿಗೆ ಬೆನ್ನಿನ ಬುಡದಲ್ಲಿ ವರ್ಗೀಕರಣದ ಚೀಟಿ ಅಂಟಿಸುತ್ತಾರೆ, ಆದ್ದರಿಂದ ಕೆಳಗಿನ ಎರಡು ಅಂಗುಲದಲ್ಲಿ ಪ್ರಕಾಶನದ ಲಾಂಛನ ಬಿಟ್ಟು ಬೇರೇನೂ ಇರಬಾರದು. ಲೇಖಕರ ಹೆಸರನ್ನು ಅಲ್ಲಿಟ್ಟರೆ ಚೀಟಿ ನುಂಗುತ್ತದೆ.

ಈಗ ಪುಸ್ತಕವನ್ನು ಮುಖ ಮಾಡಿ ಹಿಡಿಯೋಣ. ಅಂಗೈಯಿಂದ ಚಿತ್ರವನ್ನು ಮುಚ್ಚಿ. ಉಳಿದ ಶೀರ್ಷಿಕೆಯನ್ನು ನೋಡಿ. ಅದೊಂದೇ ನಿಲ್ಲುತ್ತದೆಯೇ?

ಈ ಕವನ ಸಂಕಲನದಲ್ಲಿ ಹೆಸರು ಉದ್ದವಿದೆ, ಅಗಲ ಸಾಲಲಿಲ್ಲ, ಡಿಟಿಪಿಯಲ್ಲಿ ಅಕ್ಷರವನ್ನು ಅಡ್ಡಕ್ಕೆ ಅದುಮಿದ್ದಾರೆ. ಹಾಗೆ ಅದುಮಿದಾಗ ಏನಾಗುತ್ತದೆಂದರೆ, ನೇರ ನಿಂತ ಗೆರೆಗಳು ತೆಳ್ಳಗಾಗುತ್ತವೆ, ಅಡ್ಡ ಗೆರೆಗಳು ಇದ್ದಷ್ಟೇ ದಪ್ಪ ಉಳಿಯುತ್ತವೆ. ಕನ್ನಡದ ದುಂಡು ಮೊಟ್ಟೆಯಾಗುತ್ತದೆ, ತಲೆಕಟ್ಟು ಮಾತ್ರ ಭಾರವಾಗಿ ಕೂರುತ್ತದೆ. ಸಮಸ್ಯೆ ನಿಜವಾದದ್ದೇ. 140 ಮಿ.ಮೀ. ಅಗಲದಲ್ಲಿ ಬೆನ್ನಿನ ಕಡೆ 15, ಹೊರ ಅಂಚಿನಲ್ಲಿ 12 ಬಿಟ್ಟರೆ ಉಳಿಯುವುದು 113. ಒಂಬತ್ತು ಅಕ್ಷರದ ಒಂದು ಪದವನ್ನು 60 ಪಾಯಿಂಟಿನಲ್ಲಿ ಹಾಕಿದರೆ ಹೆಚ್ಚಿನ ಫಾಂಟುಗಳಲ್ಲಿ ಅದು 113ನ್ನು ದಾಟುತ್ತದೆ. ಆಗ ಅದುಮುವ ಬದಲು ಎರಡು ಸಾಲು ಮಾಡಿ. ಎಲ್ಲಿ ಒಡೆಯಬೇಕು ಎನ್ನುವುದನ್ನು ಪದವೇ ಹೇಳುತ್ತದೆ. ‘ಆತ್ಮನಿರೀಕ್ಷಣೆ’ ಎಂಬ ಪದವಿದ್ದರೆ ‘ಆತ್ಮ’ ಮೇಲೆ, ‘ನಿರೀಕ್ಷಣೆ’ ಕೆಳಗೆ. ಎರಡು ಸಾಲೂ ಒಂದೇ ಉದ್ದ ಬರಲೆಂದು ‘ಆತ್ಮನಿ’ ಮೇಲೆ, ‘ರೀಕ್ಷಣೆ’ ಕೆಳಗೆ ಹಾಕಿದರೆ ಓದುಗರು ಎಡವುತ್ತಾರೆ. ಉದ್ದ ಹೊಂದದಿದ್ದರೆ ಸಣ್ಣ ಪದವನ್ನು ದೊಡ್ಡದು ಮಾಡಿ, ಅಥವಾ ಎಡಕ್ಕೆ ಸರಿಸಿ ಬಿಡಿ. ಮುಖಪುಟದಲ್ಲಿ ಕೂಡುಗೆರೆ ಬೇಡ.

ಎರಡು ಸಾಲು ಮಾಡಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎಲ್ಲರೂ ಮಾಡುವುದು ಸಾಲಿನ ಅಂತರವನ್ನು ಹಿಗ್ಗಿಸುವುದು. ಆಗ ಎರಡೂ ಸಾಲು ಬೇರೆಬೇರೆ ಹೆಸರಿನಂತೆ ದೂರವಾಗುತ್ತವೆ. ಬಲ್ಲವರು ಹೀಗೆ ಮಾಡುತ್ತಾರೆ ನೋಡಿ. ಈ ಪ್ರಬಂಧ ಸಂಕಲನದಲ್ಲಿ ಮೇಲಿನ ಸಾಲಿನಲ್ಲಿ ಒಂದೇ ಒಂದು ತ-ಒತ್ತು ಇದೆ. ಕೆಳಗಿನ ಸಾಲನ್ನು ನಾಲ್ಕು ಮಿಲಿಮೀಟರು ಬಲಕ್ಕೆ ಜರುಗಿಸಿ, ಆ ಒತ್ತು ಸರಿಯಾಗಿ ಎರಡು ಅಕ್ಷರಗಳ ನಡುವಿನ ತಗ್ಗಿಗೆ ಇಳಿಯುವ ಹಾಗೆ ಮಾಡಿದ್ದಾರೆ. ಸಾಲುಗಳು ಹತ್ತಿರ ಬಂದು ಒಂದೇ ಗಟ್ಟಿ ಆಕಾರವಾಗಿದೆ. ಈ ಪುಸ್ತಕದ ಮುಖಪುಟದಲ್ಲಿ ಚಿತ್ರವೇ ಇಲ್ಲ. ಹಳದಿ ಹಿನ್ನೆಲೆ, ಕಪ್ಪು ಅಕ್ಷರ, ಅಷ್ಟೇ. ಈ ರಾಶಿಯಲ್ಲಿ ಹತ್ತು ಅಡಿ ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಇದೇ.

ಮುಂದಿನದು ಟ್ರ್ಯಾಕಿಂಗ್, ಅಂದರೆ ಅಕ್ಷರಗಳ ನಡುವಿನ ಅಂತರ. ಇಂಗ್ಲಿಷ್ ಮುಖಪುಟಗಳಲ್ಲಿ ಲೇಖಕರ ಹೆಸರನ್ನು ಅಕ್ಷರ ಬಿಡಿಸಿ ಬಿಡಿಸಿ ಹಾಕುವುದು ಚೆಂದ ಕಾಣುತ್ತದೆ. ಅದೇ ಗುಂಡಿಯನ್ನು ಕನ್ನಡಕ್ಕೆ ಒತ್ತಿದರೆ ದೀರ್ಘ, ಒತ್ತು, ಅರ್ಕಾವೊತ್ತು ಫಾಂಟಿನಲ್ಲಿ ಪ್ರತ್ಯೇಕ ತುಂಡುಗಳಾಗಿರುವುದರಿಂದ ತಮ್ಮ ಅಕ್ಷರವನ್ನು ಬಿಟ್ಟು ನಡೆದುಬಿಡುತ್ತವೆ. ‘ಕೀ’ಯ ದೀರ್ಘ ಮುಂದಿನ ಅಕ್ಷರಕ್ಕೆ ಸೇರಿದಂತೆ ಕಾಣುತ್ತದೆ. ಅಂತರ ಬೇಕೇ ಬೇಕೆಂದರೆ ಅಕ್ಷರಗಳನ್ನು ಕರ್ವ್ ಮಾಡಿ (ಟೈಪು ಮಾಡಿದ್ದನ್ನು ಗೆರೆಗಳ ಆಕಾರವಾಗಿ ಬದಲಿಸಿ), ಪೂರ್ತಿ ಅಕ್ಷರವನ್ನು ಒಂದು ಗುಂಪಾಗಿ ಕಟ್ಟಿ, ಗುಂಪುಗಳ ನಡುವೆ ಅಂತರ ಕೊಡಿ.

ಅಂಚುಗೆರೆಯದ್ದೂ ಇಂಥದೇ ಕಥೆ. ಈ ಅಭಿನಂದನ ಗ್ರಂಥವನ್ನು ಹತ್ತಿರದಿಂದ ನೋಡಿ, ಮುಂದಿನ ಸಾಲಿನವರು ಕೈಗೆ ತೆಗೆದುಕೊಳ್ಳಿ. ಅಕ್ಷರಕ್ಕೆ ಬಿಳಿ ಅಂಚುಗೆರೆ ಕೊಟ್ಟಿದ್ದಾರೆ. ಕೊಂಬು ಮೈಗೆ ಕೂಡುವ ಕಡೆ ಅಕ್ಷರದ ಒಳಗೇ ಒಂದು ಬಿಳಿ ಗೀರು ಬಂದಿದೆ, ಸೀಳಿದ ಹಾಗೆ. ಎರಡು ತುಂಡು ಒಂದರ ಮೇಲೊಂದು ಬಿದ್ದಿರುವ ಜಾಗ ಅದು. ಕರ್ವ್ ಮಾಡಿದ ಮೇಲೆ ಕೋರೆಲ್‌ನಲ್ಲಿ ವೆಲ್ಡ್, ಇಲಸ್ಟ್ರೇಟರ್‌ನಲ್ಲಿ ಯುನೈಟ್ ಒತ್ತಿ ತುಂಡುಗಳನ್ನು ಬೆಸೆದು ಆಮೇಲೆ ಅಂಚು ಕೊಟ್ಟಿದ್ದರೆ ಇದಾಗುತ್ತಿರಲಿಲ್ಲ. ಯೂನಿಕೋಡ್ ಬಂದ ಮೇಲೆ ಇನ್ನೊಂದು ದೋಷ ಸೇರಿಕೊಂಡಿದೆ: ‘ಕನ್ನಡ’ ಹೋಗಿ ‘ಕನ್‌ನಡ’ ಆಗುವುದು. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತು ಕೂಡುವುದಿಲ್ಲ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಮಾಡಿದ ಕಡತವಾದರೆ, ಆ ಫಾಂಟು ಇಲ್ಲದ ಪ್ರೆಸ್ಸಿನ ಗಣಕದಲ್ಲಿ ಇಡೀ ಶೀರ್ಷಿಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗುತ್ತದೆ. ಎರಡಕ್ಕೂ ಮದ್ದು ಒಂದೇ, ಪ್ರೆಸ್ಸಿಗೆ ಹೋಗುವ ಕಡತದಲ್ಲಿ ಅಕ್ಷರಗಳು ಕರ್ವ್ ಆಗಿರಬೇಕು. ಕರ್ವ್ ಆದ ಮೇಲೆ ಕಾಗುಣಿತ ತಿದ್ದಲಾಗುವುದಿಲ್ಲ, ಹಾಗಾಗಿ ತಿದ್ದಬಲ್ಲ ಪ್ರತಿ ಒಂದು ನಿಮ್ಮಲ್ಲಿ ಉಳಿದಿರಲಿ. ಕರ್ವ್ ಮಾಡುವ ಮುನ್ನ ಲೇಖಕರಿಂದ ಶೀರ್ಷಿಕೆ, ಹೆಸರು, ಬೆನ್ನು, ಬೆನ್ನುಡಿ ನಾಲ್ಕನ್ನೂ ಗಟ್ಟಿಯಾಗಿ ಓದಿಸಿ. ಒಳಗಿನ ಮುನ್ನೂರು ಪುಟಕ್ಕೆ ಮೂರು ಸಲ ಕರಡು ತಿದ್ದಿ, ಮುಖಪುಟವನ್ನು ಒಮ್ಮೆಯೂ ಓದದೆ ಕಳಿಸುವುದು ನಮ್ಮಲ್ಲಿ ದಿನನಿತ್ಯ ನಡೆಯುತ್ತದೆ.

ಯಾವ ಫಾಂಟು ಎಂದು ಯಾರೋ ಕೇಳಿದಿರಿ. ಇಂದು ಆಯ್ಕೆಗೆ ಬಡತನವಿಲ್ಲ. ‘ಬಲೂ ತಮ್ಮ’ ಎಂಬ ಫಾಂಟು ದಪ್ಪ, ದುಂಡು, ಮಕ್ಕಳ ಪುಸ್ತಕಕ್ಕೆ ಒಪ್ಪುತ್ತದೆ, ಗಂಭೀರ ಪ್ರಬಂಧಕ್ಕೆ ಒಪ್ಪುವುದಿಲ್ಲ. ಅನೇಕ್ ಕನ್ನಡದಲ್ಲಿ ತೆಳುವಿನಿಂದ ದಪ್ಪಕ್ಕೆ, ಕಿರಿದಿನಿಂದ ಅಗಲಕ್ಕೆ ಹಲವು ರೂಪಗಳಿವೆ. ಉದ್ದ ಶೀರ್ಷಿಕೆಗೆ ಅದುಮುವ ಬದಲು ಅದರ ಕಿರಿದಾದ ರೂಪ ಬಳಸಬಹುದು, ಗೆರೆಯ ದಪ್ಪ ಕೆಡುವುದಿಲ್ಲ. ತಿರೋ ಕನ್ನಡದಲ್ಲಿ ಹಳೆಯ ಮುದ್ರಣದ ಘನತೆಯಿದೆ. ‘ಅಕಾಯ ಕನ್ನಡಕ’ ಎಂಬ ಫಾಂಟಿನಲ್ಲಿ ಕೈಬರಹದ ಬಳುಕಿದೆ. ಇವೆಲ್ಲ ಉಚಿತವಾಗಿ ಸಿಗುತ್ತವೆ. ಒಂದು ಮುಖಪುಟದಲ್ಲಿ ಎರಡಕ್ಕಿಂತ ಹೆಚ್ಚು ಫಾಂಟು ಬೇಡ. ಶೀರ್ಷಿಕೆ, ಲೇಖಕರ ಹೆಸರು, ‘ಕಾದಂಬರಿ’ ಅಥವಾ ‘ಕಥೆಗಳು’ ಎಂಬ ಸಣ್ಣ ಗುರುತು, ಈ ಮೂರಕ್ಕೆ ಮೂರು ಸ್ಪಷ್ಟ ಗಾತ್ರವಿರಲಿ: 60, 20, 13 ಪಾಯಿಂಟ್ ಎನ್ನಿ. 36, 30, 26 ಎಂದು ಹತ್ತಿರ ಹತ್ತಿರ ಇಟ್ಟರೆ ಯಾವುದು ಪುಸ್ತಕದ ಹೆಸರು, ಯಾವುದು ಲೇಖಕರದು ಎಂದು ಹುಡುಕಬೇಕಾಗುತ್ತದೆ. ಅನುವಾದವಾದರೆ ಅನುವಾದಕರ ಹೆಸರು ಮುಂಭಾಗದಲ್ಲೇ ಬರಬೇಕು, ಮೂಲ ಲೇಖಕರ ಹೆಸರಿನ ಗಾತ್ರದಲ್ಲೇ. ಓದುಗರ ಕೈಗೆ ಸಿಗುವ ಪ್ರತಿಯೊಂದು ವಾಕ್ಯವೂ ಅವರದು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಮೂರು ಹಳೆಯ ಪುಸ್ತಕಗಳನ್ನು ನೋಡಿ, ಅಚ್ಚುಮೊಳೆಯ ಕಾಲದವು. ಎರಡೇ ಬಣ್ಣ. ಆಗ ಮುಖಪುಟಕ್ಕೆ ಸತುವಿನ ಬ್ಲಾಕು ಮಾಡಿಸಬೇಕಿತ್ತು. ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕು, ಯಂತ್ರದಲ್ಲಿ ಒಂದೊಂದು ಓಟ. ಮೂರನೆಯ ಬಣ್ಣ ಬೇಕೆಂದರೆ ಹಳದಿಯ ಮೇಲೆ ನೀಲಿ ಬೀಳುವಂತೆ ಬರೆದು ಹಸಿರು ಹುಟ್ಟಿಸುತ್ತಿದ್ದರು. ಮುಖ್ಯವಾದದ್ದೇನೆಂದರೆ, ದೊಡ್ಡ ಗಾತ್ರದ, ಬಗೆಬಗೆಯ ಕನ್ನಡ ಮೊಳೆ ಎಲ್ಲ ಪ್ರೆಸ್ಸಿನಲ್ಲೂ ಇರಲಿಲ್ಲ. ಹಾಗಾಗಿ ಚಿತ್ರ ಬರೆದವರೇ ಶೀರ್ಷಿಕೆಯನ್ನೂ ಬರೆಯುತ್ತಿದ್ದರು, ಅದೇ ಕುಂಚ, ಅದೇ ಕೈ. ಗೆರೆಯ ದಪ್ಪ ಎರಡಕ್ಕೂ ಒಂದೇ. ಇದರಲ್ಲಿ ಮರದ ಕೊಂಬೆ ಎಷ್ಟು ದಪ್ಪವೋ ಅಕ್ಷರದ ಕೊಂಬೂ ಅಷ್ಟೇ ದಪ್ಪ. ಆಫ್‌ಸೆಟ್ ಮತ್ತು ಡಿಟಿಪಿ ಬಂದ ಮೇಲೆ ಆ ಎರಡು ಕೆಲಸ ಬೇರೆಯಾದವು. ಕಲಾವಿದರು ಚಿತ್ರ ಕೊಟ್ಟರು, ಆಪರೇಟರ್ ಹೆಸರು ಟೈಪು ಮಾಡಿದರು. ಇಂದಿಗೂ ನಾವು ನೋಡುತ್ತಿರುವುದು ಆ ಬಿರುಕನ್ನೇ. ಚಂದ್ರನಾಥ ಆಚಾರ್ಯರಂಥ ಕಲಾವಿದರ ರೇಖೆಗಳನ್ನು ಕನ್ನಡ ಓದುಗರು ಪತ್ರಿಕೆಗಳಲ್ಲೂ ಪುಸ್ತಕಗಳಲ್ಲೂ ನೋಡಿ ಬೆಳೆದಿದ್ದಾರೆ. ಈಚೆಗೆ ವಿನ್ಯಾಸಕಾರ ಅಪಾರ ಅವರಂಥವರು ಅಕ್ಷರವನ್ನೇ ಮುಖ್ಯ ಮಾಡಿ ಮುಖಪುಟ ಕಟ್ಟುತ್ತಿದ್ದಾರೆ. ಇಬ್ಬರಿಂದಲೂ ಕಲಿಯುವುದಿದೆ.

ಕೈಯಲ್ಲಿ ಬರೆಯುವ ಆಸೆಯಿದ್ದವರಿಗೆ ಕ್ರಮ ಹೇಳುತ್ತೇನೆ. ಬೇಕಾದ ಗಾತ್ರದ ಎರಡರಷ್ಟು ದೊಡ್ಡದಾಗಿ ನುಣುಪು ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆಯಿರಿ. ಅರ್ಧಕ್ಕೆ ಇಳಿಸಿದಾಗ ಕೈಯ ನಡುಕ ಅರ್ಧವಾಗುತ್ತದೆ. 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಹಿಗ್ಗಿಸಿದರೂ ಕೆಡದ ಗೆರೆಗಳಾಗುವಂತೆ ವೆಕ್ಟರ್‌ಗೆ ಬದಲಿಸಿ. ‘ಧ’ದ ಹೊಟ್ಟೆಯ ಸೀಳು, ‘ಥ’ದ ಚುಕ್ಕೆ, ‘ಪ’ ಮತ್ತು ‘ವ’ದ ವ್ಯತ್ಯಾಸ, ಇವನ್ನು ನೀವು ಬೇಕೆನ್ನಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ತೆರೆದು ಬರೆಯಬೇಕು. ಮುದ್ರಣದಲ್ಲಿ ಶಾಯಿ ಹರಡಿ ಅವು ಮುಚ್ಚುತ್ತವೆ. ಕಡು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡುವಾಗ ಇನ್ನೂ ಎಚ್ಚರ ಬೇಕು. ಹಿನ್ನೆಲೆಯಲ್ಲಿ ನಾಲ್ಕು ಬಣ್ಣವೂ ಇದ್ದರೆ, ಒಂದು ಬಣ್ಣದ ಪ್ಲೇಟು ಕೂದಲೆಳೆ ಜರುಗಿದರೂ ತೆಳು ಗೆರೆ ಮುಚ್ಚಿಹೋಗುತ್ತದೆ. ಬಿಳಿ ಬಿಟ್ಟ ಗೆರೆ 0.3 ಮಿ.ಮೀ.ಗಿಂತ ಸಣ್ಣದಾಗಬಾರದು. ಇದರಲ್ಲಿ ನೋಡಿ, ಉಪಶೀರ್ಷಿಕೆಯ ಒತ್ತುಗಳೆಲ್ಲ ಗುಲಾಬಿ ಮಚ್ಚೆಗಳಾಗಿವೆ.

ಇನ್ನು ಚಿತ್ರ. ಕವನ ಸಂಕಲನಗಳನ್ನೆಲ್ಲ ಒಂದು ಕಡೆ ಇಟ್ಟಿದ್ದೇನೆ. ಮುಳುಗುವ ಸೂರ್ಯ, ಎಲೆಯಿಲ್ಲದ ಮರ, ಹಾರುವ ಹಕ್ಕಿ, ಹೆಣ್ಣಿನ ಮುಖದ ನೆರಳು. ಯಾವ ಸಂಕಲನದ ಮುಖಪುಟವನ್ನು ಇನ್ನೊಂದಕ್ಕೆ ಹೊದಿಸಿದರೂ ನಡೆಯುತ್ತದೆ. ಅಂಥ ಚಿತ್ರ ಆ ಒಂದು ಪುಸ್ತಕದ ಬಗ್ಗೆ ಏನೂ ಹೇಳುತ್ತಿಲ್ಲ. ಇನ್ನೊಂದು ಬಗೆ, ಹೆಸರು ಹೇಳಿದ್ದನ್ನೇ ಚಿತ್ರವೂ ಹೇಳುವುದು. ಹೆಸರಿನಲ್ಲಿ ಬಾವಿ ಇದ್ದರೆ ಬಾವಿಯ ಚಿತ್ರ. ಓದುಗರಿಗೆ ಒಂದು ಸಂಗತಿಯನ್ನು ಎರಡು ಸಲ ಕೊಟ್ಟಂತಾಯಿತು. ಹೆಸರಿನಲ್ಲಿ ಬಾವಿ ಇದ್ದಾಗ ಚಿತ್ರದಲ್ಲಿ ಹಗ್ಗದ ಗೀರು ಬಿದ್ದ ಕಲ್ಲು ಸಾಕು. ನೀರು ಸೇದಿದ ಕೈಗಳ ಕಥೆ ಅಲ್ಲಿ ಶುರುವಾಗುತ್ತದೆ.

ಮುಖಪುಟವನ್ನು ಮುಂಭಾಗವೆಂದಷ್ಟೇ ಯೋಚಿಸದೆ ಇಡೀ ಹಾಳೆಯಾಗಿ ಯೋಚಿಸಿದ್ದಕ್ಕೆ ಒಂದು ದೊಡ್ಡ ಉದಾಹರಣೆ ಬಂಗಾಳದಲ್ಲಿದೆ. ಸತ್ಯಜಿತ್ ರಾಯ್ ಸಿನಿಮಾಕ್ಕೆ ಬರುವ ಮುನ್ನ ಕೋಲ್ಕತ್ತದ ಸಿಗ್ನೆಟ್ ಪ್ರೆಸ್‌ಗೆ ಮುಖಪುಟ ಮಾಡುತ್ತಿದ್ದರು. ಬೇಟೆಗಾರ ಜಿಮ್ ಕಾರ್ಬೆಟ್ ಬರೆದ, ಕುಮಾಊನ್ ಬೆಟ್ಟಸೀಮೆಯ ನರಭಕ್ಷಕ ಹುಲಿಗಳ ಪುಸ್ತಕದ ಬಂಗಾಳಿ ಅನುವಾದಕ್ಕೆ ಅವರು ಹುಲಿಯ ಚಿತ್ರ ಬರೆಯಲಿಲ್ಲ. ಇಡೀ ಪುಸ್ತಕಕ್ಕೆ ಹುಲಿಯ ಪಟ್ಟೆ ಚರ್ಮವನ್ನೇ ಹೊದಿಸಿದರು. ಮುಂಭಾಗದಲ್ಲಿ ಗುಂಡು ಹೊಕ್ಕ ತೂತು, ಹಿಂಭಾಗದಲ್ಲಿ ಗುಂಡು ಹೊರಬಿದ್ದ ತೂತು. ಹೊರಬಿದ್ದದ್ದು ದೊಡ್ಡದು, ನಿಜವಾಗಿ ಆಗುವುದೂ ಹಾಗೆಯೇ. ಓದುಗರು ಪುಸ್ತಕವನ್ನು ತಿರುಗಿಸಿದಾಗ ಮಾತ್ರ ವಿನ್ಯಾಸ ಪೂರ್ತಿಯಾಗುತ್ತದೆ. ಇದಕ್ಕೆ ದುಬಾರಿ ಮುದ್ರಣವೇನೂ ಬೇಕಾಗಲಿಲ್ಲ. ಪುಸ್ತಕ ಓದಿ, ಗುಂಡಿನ ಬಗ್ಗೆ ತಿಳಿದು ಯೋಚಿಸಿದ್ದೇ ಸಾಕಾಯಿತು.

ಈಗ ಎಐ ಯಂತ್ರ ಬರೆದುಕೊಡುವ ಚಿತ್ರಗಳೂ ಮುಖಪುಟಕ್ಕೆ ಬರುತ್ತಿವೆ. ನನ್ನ ತಕರಾರು ಅದರ ನಿಖರತೆಯ ಬಗ್ಗೆ. ಮಲೆನಾಡಿನ ಕಾದಂಬರಿಗೆ ಬಂದ ಮನೆಯ ಹೆಂಚು ಎಲ್ಲಿಯದೂ ಅಲ್ಲ, ಕೊಡಗಿನ ಕಥೆಯ ಹೆಣ್ಣಿನ ಸೀರೆಯ ನೆರಿಗೆ ಹಿಂದಿರುವ ಬದಲು ಮುಂದಿದೆ, ಗೋಡೆಯ ಮೇಲಿನ ಬರಹ ಕನ್ನಡದಂತೆ ಕಂಡರೂ ಒಂದಕ್ಷರವೂ ಕನ್ನಡವಲ್ಲ. ಆ ಊರಿನವರು ಮುಖಪುಟ ನೋಡಿದ ಕೂಡಲೇ ಇದು ನಮ್ಮದಲ್ಲ ಎಂದು ಪಕ್ಕಕ್ಕಿಡುತ್ತಾರೆ.

ಫೋಟೊ ಬಳಸುವಾಗ ಲೆಕ್ಕ ಸುಲಭ. ಡೆಮಿ ಮುಂಭಾಗಕ್ಕೆ 300 ಡಿಪಿಐನಲ್ಲಿ 1650 ಅಗಲ, 2550 ಎತ್ತರದಷ್ಟು ಪಿಕ್ಸೆಲ್ ಬೇಕು, ಮೂರು ಕಡೆ ಕತ್ತರಿಕೆಗೆಂದು ತಲಾ 3 ಮಿ.ಮೀ. ಹೆಚ್ಚಿಗೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಬಂದದ್ದು ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಚಿತ್ರದಲ್ಲಿ ಮೂರನೇ ಒಂದು ಭಾಗವಾದರೂ ಸುಮ್ಮನಿರುವ ಜಾಗ ಇರಬೇಕು, ಶೀರ್ಷಿಕೆ ಅಲ್ಲಿ ಕೂರುತ್ತದೆ. ಅಂಥ ಜಾಗ ಇಲ್ಲದ ಚಿತ್ರ ಆರಿಸಿದಾಗಲೇ ಆಪರೇಟರ್ ಅಕ್ಷರಕ್ಕೆ ನೆರಳು, ಹೊಳಪು, ಅಂಚು ಎಲ್ಲ ಹಚ್ಚಬೇಕಾಗುತ್ತದೆ. ಬಣ್ಣಗಳ ಭೇದ ಸಾಕೇ ಎಂದು ತಿಳಿಯಲು ಮೊಬೈಲಿನಲ್ಲಿ ಕಪ್ಪುಬಿಳುಪು ಮಾಡಿ ನೋಡಿ. ಹಸಿರು ಕಾಡಿನ ಮೇಲಿನ ಕೆಂಪು ಹೆಸರು ಅಲ್ಲಿ ಮಾಯವಾಗುತ್ತದೆ. ಹಾಗೆಯೇ ಪರದೆಯ ಮೇಲೆ ಎರಡು ಸೆಂಟಿಮೀಟರಿಗೆ ಇಳಿಸಿ ನೋಡಿ. ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವವರು ನೋಡುವುದು ಅಷ್ಟನ್ನೇ.

ಹೊದಿಕೆಯ ಕಾಗದದ ಬಗ್ಗೆ. ಈ ಪುಸ್ತಕವನ್ನು ಮೇಜಿನ ಮೇಲಿಟ್ಟರೆ ಮುಖಪುಟ ತಾನಾಗಿ ಬಾಗಿ ಮೇಲೇಳುತ್ತದೆ. ಹೊರಬದಿಗೆ ಮಾತ್ರ ಲ್ಯಾಮಿನೇಷನ್ ಇದೆ. ಮಳೆಗಾಲದಲ್ಲಿ ಒಳಬದಿಯ ಕಾಗದ ತೇವ ಹೀರಿ ಹಿಗ್ಗುತ್ತದೆ, ಹೊರಗಿನ ಪ್ಲಾಸ್ಟಿಕ್ ಹಿಗ್ಗುವುದಿಲ್ಲ, ಹಾಗಾಗಿ ಹೊರಕ್ಕೆ ಸುರುಳುತ್ತದೆ. ಕಾರ್ಡಿನ ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರವಾಗಿರದೆ ಅಡ್ಡಕ್ಕಿದ್ದರೆ ಕಾಟ ಇನ್ನೂ ಹೆಚ್ಚು, ಮಡಿಕೆಯೂ ಒಡೆಯುತ್ತದೆ. ಪ್ರೆಸ್ಸಿಗೆ ಹೇಳುವಾಗ 300 ಜಿ.ಎಸ್.ಎಂ. ಎಂದರಷ್ಟೇ ಸಾಲದು, ನಾರಿನ ದಿಕ್ಕನ್ನೂ ಹೇಳಿ. ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಕಡು ಬಣ್ಣದ ಮೇಲೆ ಉಗುರಿನ ಗೀರು, ಬೆರಳಿನ ಗುರುತು ತೋರಿಸುತ್ತದೆ, ಬಣ್ಣವನ್ನೂ ಸ್ವಲ್ಪ ಮಂಕು ಮಾಡುತ್ತದೆ. ಹೊಳೆಯುವ ಗ್ಲಾಸಿ ಬಗೆಯಾದರೆ ಸಾಹಿತ್ಯ ಸಮ್ಮೇಳನದ ಮಳಿಗೆಯ ಟ್ಯೂಬ್‌ಲೈಟಿನ ಕೆಳಗೆ ಬರೀ ಬೆಳಕಿನ ಗೆರೆ ಕಾಣುತ್ತದೆ. ಶಾಯಿ ಒಣಗುವ ಮುನ್ನ ಲ್ಯಾಮಿನೇಷನ್‌ಗೆ ಕೊಟ್ಟರೆ ಕಪ್ಪು ಭಾಗದಲ್ಲಿ ಬೆಳ್ಳಗೆ ಬೂದಿ ಚೆಲ್ಲಿದಂತೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಂದು ದಿನ ಕಾಯುವುದಕ್ಕೆ ಒಪ್ಪಿಸಿ. ನೂರಿನ್ನೂರು ಪ್ರತಿಯ ಡಿಜಿಟಲ್ ಮುದ್ರಣದಲ್ಲಿ ಟೋನರ್ (ಪುಡಿ ಶಾಯಿ) ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಅಲ್ಲಿ ಬೆನ್ನಿಗೆ ತಿಳಿ ಬಣ್ಣವೇ ಕ್ಷೇಮ.

ಹಿಂಭಾಗದಲ್ಲಿ ಬೆನ್ನುಡಿ 120 ಪದ ದಾಟದಿರಲಿ. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟಿನ ಸಾಲು, ಎಡಕ್ಕೆ ಹೊಂದಿಸಿ. ಉದ್ದ ಬೆನ್ನುಡಿಯನ್ನು ಎಲ್ಲ ಸಾಲೂ ನಡುವಿಗೆ ಬರುವಂತೆ ಹಾಕಿದರೆ ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆಂದು ಕಣ್ಣು ಪ್ರತಿಸಲವೂ ಹುಡುಕಬೇಕು. ಐಎಸ್‌ಬಿಎನ್ ಬಾರ್‌ಕೋಡಿನ ಪೂರ್ಣ ಗಾತ್ರ ಸುಮಾರು 37 ಮಿ.ಮೀ. ಅಗಲ, 26 ಎತ್ತರ. ಶೇ 80ಕ್ಕಿಂತ ಕೆಳಗಿಳಿಸಬೇಡಿ, ಬಿಳಿ ಪೆಟ್ಟಿಗೆಯಲ್ಲಿ ಕಪ್ಪಿನಲ್ಲೇ ಹಾಕಿ. ಮುಖಪುಟದ ಬಣ್ಣಕ್ಕೆ ಹೊಂದಲೆಂದು ಕೆಂಪಿನಲ್ಲಿ ಹಾಕಿದ್ದು ಇಲ್ಲೊಂದಿದೆ. ಸ್ಕ್ಯಾನರಿನ ಬೆಳಕು ಕೆಂಪು, ಅದಕ್ಕೆ ಕೆಂಪು ಗೆರೆಯೂ ಬಿಳಿಯೂ ಒಂದೇ. ಓದಲಾಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಏಕೆ ನಡೆಯುವುದಿಲ್ಲ ಎಂದರೆ, ಹಣ ಮತ್ತು ಸಮಯ. ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಬೆಲೆ ನಿಗದಿಯಾಗುವುದು ಪುಟದ ಲೆಕ್ಕದಲ್ಲಿ. ಒಳ್ಳೆಯ ಮುಖಪುಟಕ್ಕೆ ಪ್ರಕಾಶಕರು ಹಾಕಿದ ಹಣ ಆ ಲೆಕ್ಕದಲ್ಲಿ ಬರುವುದಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ‘ಪುಸ್ತಕ ಸೊಗಸು’ ಬಹುಮಾನದಲ್ಲಿ ಮುಖಪುಟವನ್ನೂ ಗುರುತಿಸುತ್ತದೆ, ಅದು ದೊಡ್ಡ ಮಾತು. ಆದರೆ ದಿನನಿತ್ಯದ ಪುಸ್ತಕಕ್ಕೆ ಬೇಕಾದದ್ದು ವಿನ್ಯಾಸಕಾರರಿಗೆ ಹಸ್ತಪ್ರತಿಯನ್ನು ಓದಲು ಕೊಡುವುದು. ಬಿಡುಗಡೆಗೆ ವಾರವಿರುವಾಗ ಬರೀ ಹೆಸರನ್ನು ಮೊಬೈಲಿನಲ್ಲಿ ಕಳಿಸಿ ‘ಏನಾದರೂ ಒಂದು ಮಾಡಿಕೊಡಿ’ ಎಂದರೆ ಸೂರ್ಯಾಸ್ತವೇ ಬರುತ್ತದೆ.

ಮರುಮುದ್ರಣದ ಬಗ್ಗೆ ಕೇಳಿದಿರಿ. ಮೊದಲ ಮುದ್ರಣದ ಕಡತ ಕಳೆದುಹೋಗಿ, ಹಳೆಯ ಮುಖಪುಟವನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕುತ್ತಾರೆ. ಮುದ್ರಿತ ಚಿತ್ರ ಸಣ್ಣ ಚುಕ್ಕಿಗಳಿಂದಾದದ್ದು. ಅದರ ಮೇಲೆ ಮತ್ತೆ ಚುಕ್ಕಿಗಳ ಜಾಲ ಬಿದ್ದಾಗ ರೇಷ್ಮೆಯ ಮೇಲಿನ ಅಲೆಗಳಂಥ ಗೆರೆಗಳು ಏಳುತ್ತವೆ. ಈ ಕಾದಂಬರಿಯ ಮೂರನೆಯ ಮುದ್ರಣದಲ್ಲಿ ಆಕಾಶದ ತುಂಬ ಅದೇ ಇದೆ. ಸ್ಕ್ಯಾನ್ ಅನಿವಾರ್ಯವಾದರೆ ಆ ಚುಕ್ಕಿಗಳನ್ನು ಅಳಿಸುವ ಡಿಸ್ಕ್ರೀನ್ ಆಯ್ಕೆ ಹಾಕಿ, ಶೀರ್ಷಿಕೆಯನ್ನು ಮಾತ್ರ ಹೊಸದಾಗಿ ವೆಕ್ಟರಿನಲ್ಲಿ ಬರೆದು ಅದೇ ಜಾಗದಲ್ಲಿ ಕೂರಿಸಿ. ಕಾಗದ ಬದಲಾಗಿರುತ್ತದೆ, ಮುನ್ನುಡಿ ಸೇರಿ ಪುಟ ಹೆಚ್ಚಿರುತ್ತದೆ, ಆದ್ದರಿಂದ ಬೆನ್ನನ್ನು ಮತ್ತೆ ಅಳೆಯಲೇಬೇಕು. ಹೊಸ ಮುಖಪುಟ ಮಾಡಿದರೂ ಮೊದಲ ಮುದ್ರಣದ ಮುಖಪುಟ ಕಲಾವಿದರ ಹೆಸರನ್ನು ಒಳಗಿನ ಮುದ್ರಣ ವಿವರದ ಪುಟದಿಂದ ತೆಗೆಯಬೇಡಿ. ಅವರ ಹೆಸರಿನ ಮುಂದೆ ‘ಮೊದಲ ಮುದ್ರಣದ ಮುಖಪುಟ’ ಎಂದು ವರ್ಷದ ಸಮೇತ ಒಂದು ಸಾಲು ಸೇರಿಸಿ.